ಮಾವನ ಎಡಗಾಲೂ ಮೂರೂರಿನ ಕ್ಲಚ್ಚೂ

ನಮ್ಮ ಮಾವನ ಬುದ್ಧಿಯೆಲ್ಲಾ ಅವನ ಎಡಗಾಲಿನಲ್ಲಿದೆ. ಇದನ್ನು ಬೈಗುಳವಾಗಿ ಹೇಳುತ್ತಿಲ್ಲ. ಅವನ ಮುಂದೆಯೇ ಹೇಳಿದ್ದೇನೆ, ಕೇಳಿ ಹಿಗ್ಗಿದ್ದಾನೆ. ತಲೆಯಿರುವುದು ಟೋಪಿ ಇಡಲಿಕ್ಕೆ, ಬಲಗಾಲಿರುವುದು ಎಡಗಾಲಿಗೆ ಬೇಸರವಾಗದಿರಲಿ ಅಂತ, ಉಳಿದ ದೇಹವಿರುವುದು ಈ ಎಡಗಾಲನ್ನು ಊರಿಂದೂರಿಗೆ ಸಾಗಿಸಲಿಕ್ಕೆ ಎಂಬುದು ಅವನ ನಂಬಿಕೆ. ನಂಬದೆ ಏನು ಮಾಡಿಯಾನು? ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಅವನಿಗೆ ಅನ್ನ ಹಾಕಿದ್ದು ಆ ಎಡ ಅಂಗಾಲೇ.

ಗಿರಣಿಗೆ ಭತ್ತ ಬಂದರೆ ತೂಗುವ ಮೊದಲು ಅದು ಒಣಗಿದೆಯೋ ಹಸಿಯಿದೆಯೋ ಯಾರಾದರೂ ಹೇಳಬೇಕು. ಕೆಲವರು ಕಾಳು ಕಡಿದು ನೋಡುತ್ತಾರೆ, ಕೆಲವರು ಮುಷ್ಟಿಯಲ್ಲಿ ಹಿಡಿದು ನೋಡುತ್ತಾರೆ. ನನ್ನ ತಾಯಿಯ ತಮ್ಮನಾದ ಈ ಮಹಾಶಯ ಚಪ್ಪಲಿ ಬಿಟ್ಟು, ಧೋತರ ಎತ್ತಿ, ಹರವಿದ ಭತ್ತದಲ್ಲಿ ಎಡಗಾಲನ್ನು ಮೆಲ್ಲಗೆ ಎಳೆದುಕೊಂಡು ಹತ್ತು ಹೆಜ್ಜೆ ನಡೆಯುತ್ತಿದ್ದ. ಆಮೇಲೆ ಆಕಾಶ ನೋಡಿ, "ಇನ್ನೊಂದು ಬಿಸಿಲು ಬೇಕು" ಅನ್ನುತ್ತಿದ್ದ. ಅಂದರೆ ಇನ್ನೊಂದು ದಿನ ಒಣಗಬೇಕು. ನಡುವೆ ಗಿರಣಿಗೆ ತೇವ ಅಳೆಯುವ ಮಿಷನ್ನು ಬಂತು. ಮಿಷನ್ನಿಗೂ ಮಾವನ ಕಾಲಿಗೂ ಭಿನ್ನಾಭಿಪ್ರಾಯ ಬಂದರೆ ಧಣಿ ಮೊದಲು ಮಿಷನ್ನನ್ನೇ ರಿಪೇರಿಗೆ ಕಳಿಸುತ್ತಿದ್ದನಂತೆ. ಹಾಗೆಂದು ಮಾವ ಹೇಳುತ್ತಾನೆ. ಇಲ್ಲಿ ಬರುವ ಸಂಗತಿಗಳಲ್ಲಿ ಅರ್ಧ 'ಹಾಗೆಂದು ಮಾವ ಹೇಳುತ್ತಾನೆ' ಎಂಬಲ್ಲಿಗೆ ಬಂದು ನಿಲ್ಲುತ್ತವೆ. ಉಳಿದರ್ಧ ನನ್ನ ನೆನಪು. ಅದನ್ನು ನಾನಂತೂ ಮಾವನಷ್ಟು ನಂಬುವುದಿಲ್ಲ.

ಉದಾಹರಣೆಗೆ, ಅವನ ಕಾರು. ನನ್ನ ನೆನಪಿನಲ್ಲಿ ಅದು ಬೆಳ್ಳಗಿತ್ತು. ಹಳೆಯ ಫೋಟೊದಲ್ಲಿ ಬೂದು ಬಣ್ಣದ್ದಾಗಿದೆ. ಫೋಟೊ ತೆಗೆದ ದಿನ ಕಾಲುವೆ ರಸ್ತೆಯ ಧೂಳು ಮೆತ್ತಿರಬಹುದು, ಇಲ್ಲವೇ ನಾನೇ ನೆನಪಿನಲ್ಲಿ ಅದನ್ನು ತೊಳೆದಿಟ್ಟಿರಬಹುದು. ಎದ್ದು ಹೋಗಿ ನೋಡೋಣವೆಂದರೆ ಆಮೇಲೊಮ್ಮೆ ಬೇರೆ ಬಣ್ಣ ಹೊಡೆಸಿದ್ದಾರೆ. ಇರಲಿ, ಅದೊಂದು ಸಣ್ಣ ಕಾರು, ಅದರಲ್ಲಿ ಮೂರು ಪೆಡಲುಗಳು. ಮಾವನ ದೃಷ್ಟಿಯಲ್ಲಿ ಪೆಡಲು ಒಂದೇ. ಬ್ರೇಕು, ಎಕ್ಸಲರೇಟರು ಯಾರು ಬೇಕಾದರೂ ತುಳಿಯುವಂಥವು. ಕ್ಲಚ್ಚು ಹಾಗಲ್ಲ, ಅದಕ್ಕೆ ಸಂಸ್ಕಾರ ಬೇಕು.

ಇಂಥ ಕಾಲಿಗೂ ಇಂಥ ಕ್ಲಚ್ಚಿಗೂ ನಡುವೆ ಚಪ್ಪಲಿ ಬರುವುದೆಂದರೇನು? ಭಕ್ತನಿಗೂ ದೇವರಿಗೂ ನಡುವೆ ರಬ್ಬರು! ಆದ್ದರಿಂದ ಮಾವ ಕಾರು ಹತ್ತುವ ಮೊದಲು, ಮನೆಯ ಹೊಸ್ತಿಲಲ್ಲಿ ಬಿಟ್ಟ ಹಾಗೆ, ಚಪ್ಪಲಿಗಳನ್ನು ಬಾಗಿಲ ಹೊರಗೆ ಜೋಡಿಸಿ ಬಿಡುತ್ತಿದ್ದ. ಒಳಗೆ ಕೂಡುತ್ತಿದ್ದ, ಬಾಗಿಲು ಹಾಕುತ್ತಿದ್ದ, ಹೊರಟುಹೋಗುತ್ತಿದ್ದ. ಚಪ್ಪಲಿಗಳು ರಸ್ತೆಯಲ್ಲಿ ಅವನ ದಾರಿ ನೋಡುತ್ತಾ ಕೂತಿರುತ್ತಿದ್ದವು. ಮಸ್ಕಿಯ ಒಂದು ಚಹಾದಂಗಡಿಯ ಗೂಡಿನಲ್ಲಿ ಅವನ ಮೂರು ಜೊತೆಗಳಿದ್ದವು. ಲಿಂಗಸುಗೂರಿನ ಪಂಕ್ಚರ್ ಅಂಗಡಿಯಲ್ಲಿ ಎರಡು. ತುರ್ವಿಹಾಳದಲ್ಲಿ ಬಿಟ್ಟ ಒಂದು ಜೊತೆ ವರ್ಷವಿಡೀ ಬೇರೊಬ್ಬರ ಕಾಲಿನಲ್ಲಿ ಓಡಾಡಿ, ಅವರ ಮಗಳ ಮದುವೆಗೆ ಕರೆಯಲು ಮಾವನ ಮನೆಗೇ ಬಂದಿತ್ತು. ಮಾವ ಗುರುತಿಸಲಿಲ್ಲ, ಅತ್ತೆ ಗುರುತಿಸಿದಳು. ಬಂದವರು ಹೋದ ಮೇಲೆ ಅಂದಳು:

"ದೀಪಾವಳಿಗೆ ಎಲ್ಲಾರ ಮನಿಗೆ ಬೀಗರು ಸ್ವೀಟ್ ಕಳಸ್ತಾರ. ನಮ್ಮನಿಗೆ ಚಪ್ಪಲಿ ಅಂಗಡಿಯಾವ ಕಳಸ್ತಾನ."

ನನಗೆ ಕಾರು ಕಲಿಸಿದವನು ಈ ಮಾವನೇ. ಗಿರಣಿಯ ಹಿಂದಿನ, ಭತ್ತ ಒಣಗಿಸುವ ಸಿಮೆಂಟಿನ ಕಣದಲ್ಲಿ ಎಂಜಿನ್ನು ಚಾಲೂ ಮಾಡದೆ ಎಂಟು ದಿನ ನನ್ನಿಂದ ಬರಿಗಾಲಲ್ಲಿ ಕ್ಲಚ್ಚು ತುಳಿಸಿದ. ಮೂರೇ ದಿನ ಎಂದು ನನ್ನ ತಂಗಿ ಹೇಳುತ್ತಾಳೆ. ನನ್ನ ತೊಡೆ ಎಂಟು ಅನ್ನುತ್ತದೆ.

"ಕ್ಲಚ್ ತುಳಿಯೋದು ಯಾರಿಗಾದ್ರೂ ಬರತೈತಿ, ಅಳಿಯಾ. ಬಿಡೋದು ಬರಬೇಕು. ತೊಡಿ ಮ್ಯಾಲ ಮಲಗಿದ ಕೂಸಿನ ತಲಿ ಕೆಳಗಿಂದ ಕೈ ತಗೀತೀವಲ್ಲ, ಹಂಗ ತಗೀಬೇಕು."

"ನಾ ಹಂಗ ತಗ್ಯಾಕತ್ತೀನಲ್ಲ ಮಾವಾ."

"ನೀ ಹಾವು ತುಳದಾವ ತಗದಂಗ ತಗ್ಯಾಕತ್ತೀ."

ಕ್ಲಚ್ಚು ಮೇಲೆ ಬರುತ್ತಾ ಬರುತ್ತಾ ಒಂದು ಬಿಂದುವಿನಲ್ಲಿ ಎಂಜಿನ್ನು ಗಾಲಿಗಳನ್ನು ಹಿಡಿದುಕೊಳ್ಳುತ್ತದಲ್ಲ, ಆ ಬಿಂದು ಅವನ ಅಂಗಾಲಿಗೆ ಗೊತ್ತಿತ್ತು. ಎಲ್ಲಿ ಎಂದು ಕೇಳಿದರೆ, ಹೆಬ್ಬೆರಳ ಕೆಳಗಿನ ಉಬ್ಬನ್ನು ತೋರಿಸಿ, "ಇಲ್ಲಿ ಗುಳುಗುಳು ಅಂತೈತಿ" ಅನ್ನುತ್ತಿದ್ದ. ನನಗೆ ಇವತ್ತಿಗೂ ಅಲ್ಲಿ ಏನೂ ಅಂದಿಲ್ಲ.

ಈ ಖ್ಯಾತಿ ಹಬ್ಬಿ, ಹಳೆಯ ಕಾರು ಕೊಳ್ಳುವವರು ಅವನನ್ನು ಹೆಣ್ಣು ನೋಡಲು ಹಿರಿಯರನ್ನು ಕರೆದೊಯ್ದ ಹಾಗೆ ಕರೆದೊಯ್ಯತೊಡಗಿದರು. ನಾನು ಲಿಂಗಸುಗೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅಲ್ಲಿ ನನ್ನ ಜೊತೆಯ ಮೇಷ್ಟ್ರೊಬ್ಬರು ಒಂದು ಕಾರು ನೋಡಿಟ್ಟಿದ್ದರು. ಮಾವ ಬಂದ, ಬಾನೆಟ್ಟು ತೆಗೆಸಲಿಲ್ಲ, ಟಾಯರು ಒದೆಯಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಕೂತು, ಕಣ್ಣು ಮುಚ್ಚಿ ಮೂರು ಸಲ ಕ್ಲಚ್ಚು ತುಳಿದ. ಚಾಲೂ ಮಾಡಿ ಒಂದು ಮಾರು ಮುಂದೆ, ಒಂದು ಮಾರು ಹಿಂದೆ ಹೋದ. ಇಳಿದು ಬಂದು ತೀರ್ಪು ಕೊಟ್ಟ.

"ಈ ಗಾಡಿ ಧಣಿಗೆ ಯಾವ ವಿಷಯದಾಗೂ ಒಂದು ನಿರ್ಧಾರ ಮಾಡಾಕ ಬರಂಗಿಲ್ಲ. ಕ್ಲಚ್ಚು ಪೂರಾ ತುಳದಿಲ್ಲ, ಪೂರಾ ಬಿಟ್ಟಿಲ್ಲ. ಅರ್ಧ ಕಾಲಿನ ಮ್ಯಾಲ ವರ್ಷಗಟ್ಟಲೆ ಜೀವನಾ ಮಾಡ್ಯಾನ. ಪ್ಲೇಟ್ ಸವದು ಹಪ್ಪಳ ಆಗೈತಿ."

ಗಾಡಿಯ ಧಣಿ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

"ಖರೇ ಐತ್ರಿ," ಅಂದ. "ಮನ್ಯಾಗೂ ಹಂಗ ಅಂತಾರ್ರಿ."

ಇಲ್ಲಿಯವರೆಗಿನದನ್ನು ಹೇಳುವುದು ನನಗೆ ಸುಲಭ. ಮದುವೆ ಮನೆಗಳಲ್ಲಿ ಹೇಳಿ ಹೇಳಿ ನುಣುಪಾಗಿರುವ ಕತೆಗಳಿವು. ಇನ್ನು ಮುಂದಿನದನ್ನು ಯಾರೂ ಮದುವೆ ಮನೆಯಲ್ಲಿ ಹೇಳುವುದಿಲ್ಲ. ಹಾಗಾಗಿ ಅದರ ಅಂಚುಗಳು ಇನ್ನೂ ಒರಟು.

ಎರಡು ವರ್ಷದ ಹಿಂದೆ ಮಾವನ ಕಾರಿನ ಕ್ಲಚ್ಚು ಕೆಟ್ಟಿತು.

ಕೆಟ್ಟಿತೆಂದರೆ ಹೇಗೆ? ಶಬ್ದವಿಲ್ಲ, ಸುಟ್ಟ ವಾಸನೆಯಿಲ್ಲ, ಗೇರು ಬೆಣ್ಣೆಯ ಹಾಗೆ ಬೀಳುತ್ತದೆ. ಆದರೆ ಮಾವ ಹೊರಟರೆ ಕಾರು ಕಪ್ಪೆಯ ಹಾಗೆ ಜಿಗಿಯುತ್ತದೆ, ಇಲ್ಲವೇ ಗಪ್ಪನೆ ನಿಂತುಬಿಡುತ್ತದೆ. ಸಿಂಧನೂರಿನ ಸರ್ಕಲ್ಲಿನಲ್ಲಿ ಒಂದು ಸಲ ಹೀಗೆ ನಾಲ್ಕು ಬಾರಿ ನಿಂತು, ಹಿಂದಿದ್ದ ಹುಲ್ಲಿನ ಟ್ರ್ಯಾಕ್ಟರಿನವನು ಇಳಿದು ಬಂದು, "ಕಾಕಾ, ಹೊಸದಾಗಿ ಕಲಿಯಾಕತ್ತೀರೇನ್ರಿ?" ಎಂದು ಕೇಳಿದ. ಮಾವನಿಗೆ ಇದಕ್ಕಿಂತ ದೊಡ್ಡ ಬೈಗುಳ ಭೂಮಿಯ ಮೇಲಿಲ್ಲ.

ಸಿಂಧನೂರಿನಲ್ಲಿ ಅವನ ಕಾಯಂ ಮಿಸ್ತ್ರಿ ಮೌಲಾಸಾಬ. ಅವನ ಗ್ಯಾರೇಜಿಗೆ ಹೋಗಿ ಮಾವ ರೋಗಲಕ್ಷಣ ಹೇಳಿದ.

"ಮೌಲಾ, ಕ್ಲಚ್ಚಿಗೆ ಜೀವ ಇಲ್ಲ. ತುಳದ್ರ ಹತ್ತಿ ಗಂಟಿನ ಮ್ಯಾಲ ಕಾಲಿಟ್ಟಂಗ ಆಗತೈತಿ."

ಮೌಲಾಸಾಬ ಒಂದು ಸುತ್ತು ಓಡಿಸಿಕೊಂಡು ಬಂದ. "ಕಾಕಾ, ಬರೋಬ್ಬರಿ ಐತಲ್ರಿ."

"ನಿನ್ನ ಬೂಟಿಗೆ ಏನ್ ಗೊತ್ತಾಗತೈತಲೇ? ಪ್ಲೇಟ್ ಬದಲು ಮಾಡು."

ಮಾಡಿದ. ಹೊಸ ಪ್ಲೇಟು, ಹೊಸ ಬೇರಿಂಗು. ಆದರೂ ಕಾರಿನ ಜಿಗಿತ ನಿಲ್ಲಲಿಲ್ಲ. ವಾರದಲ್ಲಿ ಮಾವ, ದೇವರು ಕೈಬಿಟ್ಟ ಭಕ್ತನ ಹಾಗೆ, ಬೇರೆ ದೇವರುಗಳನ್ನು ಹುಡುಕಿಕೊಂಡು ಹೊರಟ. ಮಸ್ಕಿಯ ಮಿಸ್ತ್ರಿ ಕೇಬಲ್ಲು ಬದಲಿಸಿದ. ಲಿಂಗಸುಗೂರಿನವನು ಪೆಡಲಿನ ಸ್ಪ್ರಿಂಗು ಬಿಗಿ ಮಾಡಿದ. ಒಬ್ಬನು ಮಾಡಿದ್ದನ್ನು ಇನ್ನೊಬ್ಬನು ಬಿಚ್ಚಿ, "ಯಾವ ಶಾಣ್ಯಾ ಮಾಡ್ಯಾನ್ರಿ ಇದನ್ನ?" ಎಂದು ಕೇಳುತ್ತಿದ್ದ. ಹಾಗೆ ಮೂರೂ ಊರಿನ ಮಿಸ್ತ್ರಿಗಳು ಒಬ್ಬರನ್ನೊಬ್ಬರು ನೋಡದೆಯೇ ವೈರಿಗಳಾದರು. ನಾನೂ ಒಮ್ಮೆ ಆ ಕಾರನ್ನು ಓಡಿಸಿ ನೋಡಿದೆ. ಕ್ಲಚ್ಚು ಚೆನ್ನಾಗಿಯೇ ಇತ್ತು. ಹಾಗೆಂದು ಹೇಳಿದೆ. "ನಿನಗ ಯಾವಾಗ ಗೊತ್ತಾಗಿತ್ತು, ಈಗ ಗೊತ್ತಾಗಾಕ?" ಅಂದ.

ಅದೇ ಸುಗ್ಗಿಯಲ್ಲಿ ಜವಳಗೇರಾದಿಂದ ಒಬ್ಬ ರೈತ ಫೋನು ಮಾಡಿದ. ಗಿರಣಿ ಕೆಲಸ ಬಿಟ್ಟ ಮೇಲೂ ಊರವರು ಭತ್ತ ಹೇರುವ ಮೊದಲು ಮಾವನ ಕಾಲು ಕರೆಸುತ್ತಿದ್ದರು. ರಸ್ತೆಯ ಅಂಚಿಗೆ ಹರವಿದ್ದ ಭತ್ತದಲ್ಲಿ ಮಾವ ಹತ್ತು ಹೆಜ್ಜೆ ನಡೆದು, "ಹೇರು" ಅಂದ. ಮರುದಿನ ಗಿರಣಿಯಿಂದ ಟ್ರ್ಯಾಕ್ಟರು ತುಂಬಿದ್ದು ತುಂಬಿದಂತೆ ವಾಪಸ್ಸು ಬಂತು. ಭತ್ತ ಹಸಿಯಿತ್ತು. ರೈತ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಬಂದು ಕಟ್ಟೆಯ ಮೇಲೆ ಕೂತು ನೀರು ಕುಡಿದ.

"ಇರಲಿ ಬಿಡ್ರಿ ಕಾಕಾ. ಇಬ್ಬನಿ ಬಿದ್ದಿತ್ತು ಕಾಣತೈತಿ."

"ಇಬ್ಬನೀನ ಇರಬೇಕು," ಅಂದ ಮಾವ.

ಅದು ಮೈ ಸುಡುವ ಬೇಸಿಗೆ ಬೆಳೆಯ ಸುಗ್ಗಿ. ಇಬ್ಬನಿ ಎಲ್ಲಿಯದು? ಇಬ್ಬರಿಗೂ ಗೊತ್ತಿತ್ತು. ಆ ದಿನ ನಾನು ಅಲ್ಲಿರಲಿಲ್ಲ, ಅತ್ತೆ ಹೇಳಿದ್ದು. ಆದರೂ ಆ ರೈತನ ಕೈಯಲ್ಲಿದ್ದ ನೀರಿನ ಚೆಂಬು ನನಗೆ ಕಾಣುತ್ತದೆ. ಯಾರ ನೆನಪನ್ನು ಯಾರು ಇಟ್ಟುಕೊಂಡಿದ್ದಾರೋ.

ಇದಾಗಿ ನಾಲ್ಕೈದು ದಿನಕ್ಕೆ ನಾನು ಸಿಂಧನೂರಿಗೆ ಹೋಗಿದ್ದಾಗ ಮಾವ ಮತ್ತೆ ಮೌಲಾಸಾಬನ ಗ್ಯಾರೇಜಿಗೆ ಹೊರಟಿದ್ದ. ಜೊತೆಗೆ ಹೋದೆ. ಮೌಲಾಸಾಬ ನಿಟ್ಟುಸಿರು ಬಿಟ್ಟು, ಟಾರ್ಚು ಹಿಡಿದು, ಸ್ಟೀರಿಂಗಿನ ಕೆಳಗೆ ತಲೆ ತೂರಿಸಿದ. ಒಳಗಿನಿಂದಲೇ ಅಂದ:

"ಕಾಕಾ, ಪೆಡಲ್ ಹಸಿ ಐತ್ರಿ. ಜಾರಾಕತ್ತೈತಿ."

ಮಾವ ಗೆದ್ದವನಂತೆ ನನ್ನ ಕಡೆ ನೋಡಿದ. "ಲೀಕ್! ನಾ ಮೊದಲಿಂದ ಹೇಳಾಕತ್ತೀನಿ, ಎಲ್ಲೋ ಲೀಕ್ ಐತಿ ಅಂತ. ಮೂರೂರಾಗ ಒಬ್ಬಾವ ಕೇಳಿಲ್ಲ."

ಮೌಲಾಸಾಬ ಹೊರಗೆ ಬಂದು ಬೆರಳನ್ನು ಬೆಳಕಿಗೆ ಹಿಡಿದ. ಮೂಸಿದ. ಆಮೇಲೆ ಕಾರನ್ನು ನೋಡಲಿಲ್ಲ, ಮಾವನ ಕಾಲನ್ನು ನೋಡಿದ.

"ಕಾಕಾ, ಇದು ಆಯಿಲ್ ಅಲ್ರಿ. ಕುಂದರ್ರಿ ಇಲ್ಲಿ."

ಹಳೆಯ ಟಾಯರಿನ ಮೇಲೆ ಮಾವನನ್ನು ಕೂಡಿಸಿ, ಎಡಗಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಅಂಗಾಲಿನಲ್ಲಿ, ಹೆಬ್ಬೆರಳ ಕೆಳಗಿನ ಆ ಉಬ್ಬಿನಲ್ಲಿ, ಮುರಿದ ದಬ್ಬಣದ ತುದಿಯೊಂದು ಪೂರ್ತಿ ಒಳಗೆ ಕೂತಿತ್ತು. ದಬ್ಬಣವೆಂದರೆ ಭತ್ತದ ಚೀಲದ ಬಾಯಿ ಹೊಲಿಯುವ ದಪ್ಪ ಸೂಜಿ. ಜವಳಗೇರಾದ ರಸ್ತೆಯಲ್ಲಿ ಹೊಕ್ಕಿತ್ತೋ, ಬೇರೆಲ್ಲೋ. ಸುತ್ತಲೂ ಕಪ್ಪಾಗಿತ್ತು. ಅದರ ಮೇಲೆಯೇ ಮಾವ ಎಷ್ಟೋ ದಿನ ಕ್ಲಚ್ಚು ತುಳಿದಿದ್ದ.

"ನೋವಿಲ್ಲಲ್ಲೋ," ಅಂದ ಮಾವ. ಯಾರದೋ ಕಾಲನ್ನು ನೋಡುವ ಹಾಗೆ ಬಗ್ಗಿ ನೋಡುತ್ತಿದ್ದ. "ಏನೂ ನೋವಿಲ್ಲ."

ಮೌಲಾಸಾಬ ಕೈ ಒರೆಸುವ ಚಿಂದಿಯನ್ನು ಬಿಟ್ಟು, ಒಳಗೆ ಹೋಗಿ ತನ್ನ ನಮಾಜಿನ ಟವೆಲ್ಲನ್ನು ತಂದು ಕಾಲಿಗೆ ಸುತ್ತಿದ.

ಲಿಂಗಸುಗೂರಿನಲ್ಲಿ ನನಗೆ ಪರಿಚಯದ ಡಾಕ್ಟರಮ್ಮ ದಬ್ಬಣ ತೆಗೆದು, ಕಟ್ಟು ಕಟ್ಟಿ, ಆಮೇಲೆ ಒಂದು ಪರೀಕ್ಷೆ ಮಾಡಿದರು. ತೆಳ್ಳನೆಯ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಅಲ್ಲಲ್ಲಿ ತಾಗಿಸಿ, ಗೊತ್ತಾಗುತ್ತದೆಯೇ ಎಂದು ಕೇಳುವುದು. ಮಾವ ಎಲ್ಲದಕ್ಕೂ "ಹೂಂ ರೀ" ಅಂದ. ಅವರಿಗೆ ಸಂಶಯ ಬಂದು, ಕಣ್ಣು ಮುಚ್ಚಲು ಹೇಳಿದರು.

"ಈಗ ಮುಟ್ಟೀನಿ. ಗೊತ್ತಾತೇನ್ರಿ?"

"ಚಲೋ ಗೊತ್ತಾತ್ರಿ."

ಡಾಕ್ಟರಮ್ಮನ ಕೈ, ಎಳೆಯ ಸಮೇತ, ಮೇಜಿನ ಮೇಲಿತ್ತು. ಜೊತೆಗೆ ಬಂದಿದ್ದ ಅತ್ತೆಗೆ ಫಕ್ಕನೆ ನಗು ಬಂತು. ಬಂದ ನಗು ಅರ್ಧಕ್ಕೆ ನಿಂತು, ಅವಳು ಸೆರಗು ಬಾಯಿಗೆ ಹಿಡಿದು ಗೋಡೆಯ ಕಡೆ ತಿರುಗಿದಳು. ಮಾವ ಕಣ್ಣು ಮುಚ್ಚಿಕೊಂಡೇ ಇದ್ದ. ಪಾಸಾದೆನೆಂದು ಮುಖದಲ್ಲಿ ತೃಪ್ತಿಯಿತ್ತು.

ಹತ್ತು ವರ್ಷದಿಂದ ಅವನಿಗೆ ಶುಗರಿದೆ. ಗುಳಿಗೆ ನೆನಪಾದಾಗ ನುಂಗುತ್ತಿದ್ದ. ಅದು ಕಾಲಿನ ನರಗಳನ್ನು ಒಂದೊಂದಾಗಿ ತಿಂದಿತ್ತು. ಇನ್ನು ಬರಿಗಾಲಲ್ಲಿ ಮನೆಯೊಳಗೂ ನಡೆಯಬಾರದು, ಪೆಡಲು ಎಲ್ಲಿದೆಯೆಂದು ತಿಳಿಯದ ಕಾಲಿನಲ್ಲಿ ಗಾಡಿ ಓಡಿಸಬಾರದು, ಗಾಯ ಮಾಯದಿದ್ದರೆ ಹೆಬ್ಬೆರಳು ತೆಗೆಯಬೇಕಾದೀತು ಎಂದರು. ಮಾವ ಎಲ್ಲಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

"ಹಂಗಾರ ಕ್ಲಚ್ಚು ಬರೋಬ್ಬರಿ ಇತ್ತು?"

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನಾನು, "ಇತ್ತು ಮಾವಾ" ಅಂದೆ.

ಆಮೇಲಿನ ತಿಂಗಳು ಅವನು ಕಟ್ಟೆಯ ಮೇಲೆ ಕಾಲು ನೀಡಿ ಕೂತ. ರೈತರ ಫೋನು ಬಂದರೆ ಅತ್ತೆಯ ಕೈಗೆ ಕೊಡುತ್ತಿದ್ದ. "ಊರಾಗಿಲ್ರಿ" ಎಂದು ಅವಳು ಹೇಳುವಾಗ ನಿಜವಾಗಿ ಊರಲ್ಲಿಲ್ಲದವನ ಹಾಗೆ ಉಸಿರು ಹಿಡಿದು ಕೂತಿರುತ್ತಿದ್ದ. ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಕಾರುಗಳು ಬರುತ್ತವಲ್ಲ ಎಂದು ನಾನೊಮ್ಮೆ ಅಂದೆ. ಅವನಿಗೆ ಸಿಟ್ಟು ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ಅದರಾಗ ಈ ಕಾಲು ಎಲ್ಲಿ ಇಟಗೊಂಡು ಕೂಡ್ಲಿ ಅಳಿಯಾ?" ಎಂದು ಮೆತ್ತಗೆ ಕೇಳಿದ.

ವಾರಕ್ಕೆರಡು ಸಲ ಲಿಂಗಸುಗೂರಿಗೆ ಬಂದು ಕಟ್ಟು ಬದಲಿಸಬೇಕಿತ್ತು. ಅತ್ತೆ ಮಾವ ಬಸ್ಸಿನಲ್ಲಿ ಬರುತ್ತಿದ್ದರು. ಒಂದು ದಿನ ಮಸ್ಕಿಯಲ್ಲಿ ಬಸ್ಸು ತುಂಬಿ, ಯಾರೋ ಅವನ ಕಟ್ಟು ಕಟ್ಟಿದ ಕಾಲಿನ ಮೇಲೆಯೇ ನಿಂತುಬಿಟ್ಟರು. ಮಾವ ಕಿಟಕಿಯ ಹೊರಗೆ ನೋಡುತ್ತಾ ಅವರ ಜೊತೆಯೇ ಮಳೆಬೆಳೆ ಮಾತಾಡುತ್ತಿದ್ದ. ಕಟ್ಟು ಕೆಂಪಾದದ್ದನ್ನು ಕಂಡವಳು ಅತ್ತೆ. ಮನೆಗೆ ಬಂದವಳೇ ಕಾರಿನ ಕೀಲಿ ಸೆರಗಿಗೆ ಕಟ್ಟಿಕೊಂಡಳು.

"ನಾ ಕಲೀತೀನಿ."

"ಏನ?"

"ಗಾಡಿ. ಮೂವತ್ತು ವರ್ಷ ಕಿವಿಲೆ ಕಲ್ತೀನಿ. ಇನ್ನ ಕಾಲಿಗೆ ಹೇಳಿದ್ರ ಆತು."

ಐವತ್ತೆಂಟರ ಹೆಂಗಸು ಗಿರಣಿಯ ಕಣದಲ್ಲಿ ಹದಿನೈದು ದಿನ ಕಲಿತಳು, ಲರ್ನರ್ ಲೈಸೆನ್ಸು ಮಾಡಿಸಿದಳು. ಕಣದಲ್ಲಿ ಪಕ್ಕದ ಮನೆಯವರ ಮಗಳು ಕಲಿಸಿದ್ದು, ಮಾವ ಅಲ್ಲ. ಅವನು ಆ ಕಡೆ ಹಾಯಲೂ ಇಲ್ಲ. ಆದರೆ ಲೈಸೆನ್ಸಿದ್ದವರೊಬ್ಬರು ಪಕ್ಕದಲ್ಲಿ ಕೂಡಬೇಕಲ್ಲ? ರಸ್ತೆಗಿಳಿದ ಮೊದಲ ದಿನ ಅವನು ಎಡಗಡೆಯ ಸೀಟಿನಲ್ಲಿ ಕೂತ. ಹಿಂದೆ ನಾನಿದ್ದೆ. ನನ್ನ ತಂಗಿ ಅಲ್ಲಿದ್ದವಳು ತಾನೇ ಎಂದು ವಾದಿಸುತ್ತಾಳೆ. ಇರಬಹುದು. ಹಿಂದಿನ ಸೀಟಿನಲ್ಲಿ ಯಾರಿದ್ದರು ಎಂಬುದನ್ನು ಬಿಟ್ಟುಕೊಡಲು ನಾನು ತಯಾರಿದ್ದೇನೆ. ಮುಂದಿನ ಸೀಟಿನದನ್ನು ಬಿಟ್ಟುಕೊಡುವುದಿಲ್ಲ.

ಅತ್ತೆ ಹೊರಟಳು. ಕಾರು ಜಿಗಿದು ನಿಂತಿತು. ಮತ್ತೆ ಹೊರಟಳು. ಮತ್ತೆ ನಿಂತಿತು.

"ಏನರ ಹೇಳ್ರಿ," ಅಂದಳು. "ಊರಿಗೆಲ್ಲಾ ಹೇಳ್ತಿದ್ರಿ."

"ಏನ್ ಹೇಳಲಿ?" ಮಾವ ಎದುರಿನ ಗಾಜನ್ನೇ ನೋಡುತ್ತಿದ್ದ. "ನನ್ನ ಕಾಲಿಂದಽ ನನಗ ಗೊತ್ತಾಗವಲ್ದು. ನಿನ್ನ ಕಾಲು ಏನ್ ಮಾಡಾಕತ್ತೈತಿ ಅಂತ ನನಗ ಹೆಂಗ ಗೊತ್ತಾಗಬೇಕು?"

ಅತ್ತೆ ಗೇರಿನ ಮೇಲಿದ್ದ ಕೈಯನ್ನು ತೆಗೆದಳು. ಮಾವನ ಬಲಗೈ ಹಿಡಿದು, ಎತ್ತಿ, ತನ್ನ ಎಡಮೊಣಕಾಲಿನ ಮೇಲೆ ಇಟ್ಟುಕೊಂಡಳು.

"ಇಲ್ಲಿ ನೋಡ್ರಿ."

ಹಾಡಹಗಲು, ಸಿಂಧನೂರಿನ ಬಜಾರು. ಈ ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಮಾವ ಗಡಬಡಿಸಿ ಹೊರಗೆ ನೋಡಿದ.

"ಮಂದಿ ನೋಡ್ತಾರ."

"ನೋಡ್ಲಿ. ನೀವು ಕ್ಲಚ್ ನೋಡ್ರಿ."

ಅವನು ಕಣ್ಣು ಮುಚ್ಚಿದ. ಅವಳು ಕ್ಲಚ್ಚು ತುಳಿದಳು, ಗೇರು ಹಾಕಿದಳು, ಕಾಲನ್ನು ಮೇಲೆ ಬಿಡತೊಡಗಿದಳು. ಮೊಣಕಾಲು ಏಳುತ್ತಾ ಬಂದಂತೆ ಅದರ ಮೇಲಿನ ಕೈಯೂ ಏಳುತ್ತಾ ಬಂತು.

"ಇನ್ನ ಬಿಡು... ಜರಾ ಬಿಡು... ತಡಿ. ಅಲ್ಲೇ. ಅಲ್ಲೇ ನಿಲ್ಲಸು. ಬಂತು ನೋಡು. ಈಗ ಬಿಡು."

ಕಾರು ಒಂದಿಷ್ಟೂ ಕುಲುಕದೆ ಮುಂದೆ ಸರಿಯಿತು. ಎರಡನೆಯ ಗೇರು, ಮೂರನೆಯದು. ಬಜಾರು ಮುಗಿಯಿತು, ಭತ್ತದ ಗದ್ದೆಗಳು ಬಂದವು. ನಾಲ್ಕನೆಯ ಗೇರೂ ಬಿತ್ತು. ಅಲ್ಲಿಂದ ಮಸ್ಕಿಯವರೆಗೆ ರಸ್ತೆ ನೇರ. ಗೇರು ಬದಲಿಸುವ ಗೋಜಿಲ್ಲ, ಕ್ಲಚ್ಚಿಗೆ ಕೆಲಸವೇ ಇಲ್ಲ. ಅತ್ತೆ ಎಡಗಾಲನ್ನು ಪೆಡಲಿನಿಂದ ತೆಗೆದು ಆರಾಮಾಗಿ ಪಕ್ಕಕ್ಕೆ ಇಟ್ಟುಕೊಂಡಳು.

ಮಾವನ ಕೈ ಅಲ್ಲೇ ಇತ್ತು.